ವಾಸುವಿನ ತಾರಸಿ, ನನ್ನ ತಗಡು

ಆ ಸಂಜೆ ನನಗೆ ತಗುಲಿದ ಖರ್ಚು ಸಾವಿರದ ನಾನೂರ ಎಂಬತ್ತು ರೂಪಾಯಿ, ಜೊತೆಗೆ ಒಂದು ತಗಡಿನ ಮಾಡು. ರೂಪಾಯಿ ಹೋದದ್ದು ಎರಡು ಬಾಟಲಿ ಬಿಯರು, ಒಂದು ಲೋಟ ಮುರುಗಲು ಹಣ್ಣಿನ ಪಾನಕ, ಒಂದು ಪ್ಲೇಟು ಕಾಳುಮೆಣಸಿನ ಕೋಳಿ ಮತ್ತು ಕಲ್ಲಿನ ಹಲಗೆಯ ಮೇಲೆ ಬಂದ ಕರಿದ ಆಲೂಗಡ್ಡೆಗೆ. ತಗಡಿನ ಸೂರು ಯಾಕೆಂದು ಆಮೇಲೆ ಹೇಳುತ್ತೇನೆ. ಯಾವ ವ್ಯಾಪಾರದಲ್ಲೂ ದೊಡ್ಡ ಐಟಮ್ಮನ್ನು ಮೊದಲೇ ತೋರಿಸಬಾರದು.

ಜಾಗ ನಮ್ಮ ಸಾಗರದಲ್ಲೇ ಇದೆ. ನಾಲ್ಕು ಅಂತಸ್ತಿನ ಕಟ್ಟಡ, ಅದರ ತಾರಸಿಯ ಮೇಲೆ ಬಾರು. ಹೆಸರು ಇಂಗ್ಲಿಷಿನಲ್ಲಿದೆ, ಅದನ್ನಿಲ್ಲಿ ಬರೆದು ಯಜಮಾನನಿಗೆ ಪುಕ್ಕಟೆ ಜಾಹೀರಾತು ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೆಸರಿನ ಕೆಳಗೆ ‘ಸಿಟಿ ವ್ಯೂ’ ಅಂತ ಬೇರೆ ಬರೆಸಿದ್ದಾನೆ. ಯಾವ ಸಿಟಿ? ಕೆಳಗೆ ನಿಂತು ನೋಡಿದರೆ ನಾಲ್ಕು ಆಟೋ, ಒಂದು ಎಮ್ಮೆ. ಮೇಲೆ ಹತ್ತಿ ನೋಡಿದರೆ ಅದೇ ಎಮ್ಮೆ ಸಿಟಿಯಾಗುತ್ತದೆಯೇ? ಹೀಗೆ ಎಂಟು ತಿಂಗಳು ನಾನು ಆ ಬಾರನ್ನು ಬೈದುಕೊಂಡೇ ಓಡಾಡಿದೆ. ಎಂಟು ತಿಂಗಳೂ ಅದು ದಿನಾ ತುಂಬಿಯೇ ಇತ್ತು.

ಯಜಮಾನ ವಾಸು. ನನ್ನ ಗೆಳೆಯ. ಇಬ್ಬರೂ ಹೊಸನಗರದ ಕಡೆಯವರು, ಒಂದೇ ಶಾಲೆ, ಒಂದೇ ಬೆಂಚು. ಅವನ ಮೇಲೆ ನನಗಿರುವ ಹೊಟ್ಟೆಕಿಚ್ಚು ಅವನ ಸ್ನೇಹದಷ್ಟೇ ಹಳೆಯದು. ಅವನ ಚಡ್ಡಿಗೆ ಬಟನ್ ಇತ್ತು, ನನ್ನದಕ್ಕೆ ಪಿನ್ನು. ಅವನು ಬೇಲಿಗೆ ಕಲ್ಲೆಸೆದರೂ ಮಾವಿನಕಾಯಿ ಬೀಳುತ್ತಿತ್ತು. ನಾನು ಮಾವಿನಕಾಯಿಗೆ ಎಸೆದರೆ ಹೆಡ್‌ಮಾಸ್ಟರ ಮನೆಯ ಹಂಚು.

ತೀರ್ಥಹಳ್ಳಿಯಲ್ಲಿ ಪಿಯುಸಿ ಓದುವಾಗ ಇಬ್ಬರೂ ಖಾಸಗಿ ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದೆವು. ಈಗಿನವರು ‘ರೂಫ್‌ಟಾಪ್’ ಎನ್ನುತ್ತಾರಲ್ಲ, ನಮಗೆ ಅದೇ ಮೊದಲನೆಯದು. ಹಲಸಿನಹಣ್ಣು, ಬಾಳೆಗೊನೆ, ಯಾರದೋ ಸೈಕಲ್ಲು, ನಡುವೆ ನಾವು. ಟಾಪಿನಲ್ಲಿ ಕೂತವನಿಗೆ ಸೀಟಿಲ್ಲ, ಸೀಟಿಲ್ಲದ ಮೇಲೆ ಪೂರ್ತಿ ಟಿಕೆಟ್ ಯಾಕೆ ಎಂದು ಕಂಡಕ್ಟರನ ಹತ್ತಿರ ವಾದ ಹೂಡಿ ನಾಲ್ಕಾಣೆ ಇಳಿಸಿದವನು ನಾನು. ಆ ನಾಲ್ಕಾಣೆ ಇಬ್ಬರಿಗೂ ಇಳಿಯಿತು. ಆದರೆ ಮುಂದಕ್ಕೆ ಮುಖ ಮಾಡಿ ಕೂರುವ ಜಾಗ ದಿನಾ ವಾಸುವಿಗೇ. ಸಾಮಾನಿನ ಸಂದಿಯಲ್ಲಿ ಇದ್ದದ್ದು ಒಂದೇ ಅಂಥ ಜಾಗ, ಮತ್ತು ಅವನು ನನಗಿಂತ ಬೇಗ ಏಣಿ ಹತ್ತುತ್ತಿದ್ದ. ನಾನು ಹಿಂದಕ್ಕೆ ಮುಖ ಮಾಡಿ ಕೂರುತ್ತಿದ್ದೆ. ಅವನು ಬರುವ ಊರು ನೋಡಿದ, ನಾನು ದಾಟಿಹೋದ ಊರು ನೋಡಿದೆ. ನ್ಯಾಯಕ್ಕೆ ಒಂದು ಮಾತು ಹೇಳಬೇಕು: ರಸ್ತೆಗೆ ಬಾಗಿದ ಕೊಂಬೆ ಎದುರಾದರೆ ವಾಸು “ತಲೆ!” ಎಂದು ಕೂಗಿ, ತನ್ನ ತಲೆಗಿಂತ ಮೊದಲು ನನ್ನ ತಲೆಯನ್ನು ಕೈಯಿಂದ ಒತ್ತಿ ಬಗ್ಗಿಸುತ್ತಿದ್ದ. ಎರಡು ವರ್ಷದಲ್ಲಿ ಅವನ ಹಣೆಗೆ ಮೂರು ಗಾಯವಾಯಿತು, ನನ್ನದಕ್ಕೆ ಒಂದೂ ಇಲ್ಲ. ಆ ಗಾಯದ ಗುರುತು ಅವನಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ನಮ್ಮ ಕ್ಲಾಸಿನ ಹುಡುಗಿಯರು ಹೇಳುತ್ತಿದ್ದರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ನನ್ನ ಕಸುಬು ಹಳೇ ಮರದ ಸಾಮಾನು. ಹಳೇ ಛತ್ರ, ಹಳೇ ಹೋಟೆಲು, ಹಳೇ ಮನೆ ಎಲ್ಲೇ ಕೆಡವಲಿ, ಅಲ್ಲಿನ ಬಾಗಿಲು, ಕಿಟಕಿ, ಕಂಬ ಕೊಂಡು ತಂದು, ಉಜ್ಜಿ, ಎಣ್ಣೆ ಹಚ್ಚಿ ಮಾರುವುದು. ಬಾಡಿಗೆ ಸೈಕಲ್ಲಿನ ಹಿಂದೆ ಒಂದು ಕಿಟಕಿ ಕಟ್ಟಿಕೊಂಡು ಶುರು ಮಾಡಿದವನು ನಾನು. ಈಗ ಸ್ವಂತ ಅಂಗಡಿ, ಹಿಂದೆ ದೊಡ್ಡ ಹಿತ್ತಲು. ಈ ಕಸುಬಿನ ಗುಟ್ಟೊಂದನ್ನು ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಗಡಿಯ ಮುಂದೆ ನಾನು ಒಂದೇ ಒಂದು ಬಾಗಿಲು ನಿಲ್ಲಿಸುತ್ತೇನೆ. ಗಿರಾಕಿ ಬಂದರೆ ಅದರ ಮೇಲೆ ಕೈಯಾಡಿಸಿ, “ಒಂದೇ ಉಳಿದಿರೋದು ಸಾರ್, ಇದೂ ನಾಳೆ ಹೋಗ್ತದೆ” ಎನ್ನುತ್ತೇನೆ. ಗಿರಾಕಿ ಹೋದ ಮೇಲೆ ಹಿತ್ತಲಿಂದ ಇನ್ನೊಂದು ಬಂದು ಅದೇ ಜಾಗದಲ್ಲಿ ನಿಲ್ಲುತ್ತದೆ. ಹಿತ್ತಲಿಗೆ ಹತ್ತಡಿ ಗೋಡೆಯಿದೆ, ಒಳಗೆ ಯಾರಿಗೂ ಪ್ರವೇಶವಿಲ್ಲ. ಇದು ಸುಳ್ಳಲ್ಲ. ಕೈಯಲ್ಲಿ ಕೆತ್ತಿದ ಬಾಗಿಲು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಪ್ರತಿಯೊಂದೂ ‘ಒಂದೇ’. ಹೆಂಡತಿ ಸುಮಿತ್ರ ಈ ವಾದವನ್ನು ಇಪ್ಪತ್ತೈದು ವರ್ಷದಿಂದ ಕೇಳಿ ಇಪ್ಪತ್ತೈದು ವರ್ಷದಿಂದ ನಕ್ಕಿದ್ದಾಳೆ.

ಆ ಹಿತ್ತಲ ಗೋಡೆಗೆ ತಾಗಿ ಪೂರ್ವಕ್ಕೆ ಒಂದು ಖಾಲಿ ಸೈಟು ಇತ್ತು, ನಿವೃತ್ತ ಮೇಷ್ಟ್ರೊಬ್ಬರದು. ಹಿತ್ತಲು ದೊಡ್ಡದು ಮಾಡಲು ಅದರ ಮೇಲೆ ನನಗೆ ಕಣ್ಣು. ಮಾತಿಗೆ ಹೋಗುವಾಗ ಜೊತೆಗಿರಲಿ ಎಂದು ವಾಸುವನ್ನು ಕರೆದುಕೊಂಡು ಹೋದೆ. ಅವನು ಆಗಿನ್ನೂ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಂಟೀನ್ ಇಟ್ಟಿದ್ದ.

ವ್ಯಾಪಾರದಲ್ಲಿ ಎದ್ದು ಹೋಗುವುದು ಎಂಬ ವಿದ್ಯೆಯಿದೆ. ಅದನ್ನು ನಾನು ಕಲಿತದ್ದು ಅಮ್ಮನಿಂದ. ಘಟ್ಟದ ಕೆಳಗಿಂದ ಮೀನು ಹೊತ್ತು ಬರುತ್ತಿದ್ದ ಬುಟ್ಟಿಯಮ್ಮನ ಹತ್ತಿರ ಅಮ್ಮ ಬಂಗುಡೆ ತಿರುಗಿಸಿ ತಿರುಗಿಸಿ ನೋಡಿ, ಒಂದು ರೇಟು ಹೇಳಿ, “ಆಗದಿದ್ರೆ ಬೇಡ ಮಾರಾಯ್ತಿ” ಎಂದು ಒಳಗೆ ಹೋಗಿ ಅರ್ಧ ಬಾಗಿಲು ಹಾಕುತ್ತಿದ್ದಳು. ಅರ್ಧ ಮಾತ್ರ. ಪೂರ್ತಿ ಹಾಕಿದರೆ ಕೂಗು ಕೇಳುವುದಿಲ್ಲವಲ್ಲ! ಬುಟ್ಟಿಯಮ್ಮ ಬುಟ್ಟಿ ಎತ್ತಿ ತಲೆಗಿಟ್ಟು, ನಾಲ್ಕು ಹೆಜ್ಜೆ ಹೋಗಿ, ತಿರುಗಿ, “ಬನ್ನಿ ಅಮ್ಮ, ನಿಮ್ಮ ಬಾಯಿ ದೊಡ್ಡದು” ಎನ್ನುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನಾನು ಉಸಿರು ಹಿಡಿದು ಆ ನಾಲ್ಕು ಹೆಜ್ಜೆ ಎಣಿಸುತ್ತಿದ್ದೆ. ಊರೂರಲ್ಲಿ ಬಾಗಿಲು ಕೊಳ್ಳುವಾಗ ನಾನೂ ಅದನ್ನೇ ಮಾಡಿ ಗೆದ್ದಿದ್ದೇನೆ.

ಮೇಷ್ಟ್ರ ಜಗುಲಿಯಲ್ಲೂ ಅದನ್ನೇ ಮಾಡಿದೆ. “ನಂದು ಇದೇ ಕೊನೇ ಮಾತು ಮೇಷ್ಟ್ರೇ. ಆಗಲ್ಲ ಅಂದ್ರೆ ನಾ ಹೊರಟೆ.”

“ಒಳಗೆ ಕಾಫಿ ಇಟ್ಟಾಗಿದೆ ಕಣಪ್ಪ. ಕುಡ್ಕಂಡು ಹೋಗು.”

“ಕಾಫಿ ಇನ್ನೊಂದ್ಸಲ.”

ಎದ್ದೆ. ಅಂಗಳ ದಾಟಿದೆ. ಗೇಟಿನ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಯಾರೂ ಕೂಗಲಿಲ್ಲ. ಮೂಲೆಯ ಗೂಡಂಗಡಿಯಲ್ಲಿ ಒಂದು ಸೋಡಾ ಕುಡಿದೆ. ಇನ್ನೊಂದು ಕುಡಿದೆ. ಮುಕ್ಕಾಲು ಗಂಟೆಯ ಮೇಲೆ ವಾಸು ಬಾಯಿ ಒರೆಸಿಕೊಳ್ಳುತ್ತ ಬಂದ.

“ಕೋಡುಬಳೆ ಬೇರೆ ಕೊಟ್ರು ಮಾರಾಯ. ಮೇಷ್ಟ್ರ ಹೆಂಡ್ತಿ ಕೈ ಅಡಿಗೆ ಚಲೋ ಅದೆ.”

“ನನ್ನ ಕರಿ ಅಂದ್ರಾ?”

“ಇಲ್ಲ. ಕಾಫಿ ಬಿಟ್ಟು ಹೋದ ಅಂತ ಅವರಿಗೆ ಬೇಜಾರಾಗದೆ. ವಾಸು, ನಿಂಗೆ ಬೇಕಾದ್ರೆ ತಗ ಅಂತ ನಂಗೆ ಹೇಳಿದ್ರು, ನೀನು ಹೇಳಿದ್ದೇ ರೇಟಿಗೆ.” ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. “ನಿಂಗೇ ಬೇಕು ಅಂದ್ರೆ ವಾಪಸ್ ಹೋಗಿ ಕೇಳಾ. ಈಗ್ಲೂ ಕೊಡ್ತಾರೆ.”

ಎದ್ದು ಬಂದವನು ವಾಪಸ್ ಹೋಗಿ ಕೇಳುವುದೇ! ಅಮ್ಮ ಯಾವತ್ತಾದರೂ ಬುಟ್ಟಿಯ ಹಿಂದೆ ಓಡಿದ್ದಳೇ? “ನೀನೇ ತಗ ಮಾರಾಯ. ಯಾರು ಬೇಡ ಅಂದ್ರು?” ಅಂದೆ. ಅವನು ಎರಡನೇ ಸಲ ಕೇಳಿದ. ನಾನು ಎರಡನೇ ಸಲವೂ ಅದನ್ನೇ ಅಂದೆ. ತಗೊಂಡ.

ಅಲ್ಲೇ ಆ ನಾಲ್ಕು ಅಂತಸ್ತು ಎದ್ದಿತು. ಒಂದೊಂದು ಅಂತಸ್ತು ಏರಿದ ಹಾಗೂ ನನ್ನ ಹೊಟ್ಟೆಯೊಳಗೆ ಒಂದೊಂದು ಒಲೆ. ಕೊನೆಕೊನೆಗೆ ನಾನು ಆ ಕಡೆ ತಲೆಯೆತ್ತಿ ನೋಡುವುದನ್ನೇ ಬಿಟ್ಟೆ. ಮೇಲೆ ಏನಿದೆ, ಮೇಲಿಂದ ಏನು ಕಾಣುತ್ತದೆ ಎಂದು ಊರಿಗೆಲ್ಲ ವ್ಯವಹಾರ ಹೇಳಿಕೊಡುವ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿರುವವನು ಮೇಲೆ ನೋಡುವುದಿಲ್ಲ. ಕತ್ತು ಗಟ್ಟಿಯಾಗಿರುತ್ತದೆ.

ಕೊನೆಗೂ ಹೋಗಿದ್ದು ಸುಮಿತ್ರಳ ಹಟಕ್ಕೆ.

“ಊರವ್ರೆಲ್ಲ ಹೋಗಿ ಬಂದ್ರು. ವಾಸಣ್ಣ ಸಿಕ್ಕಿದಾಗೆಲ್ಲ ಕರೀತಾರೆ. ನಮ್ಮೂರು ಮೇಲಿಂದ ಹೆಂಗ್ ಕಾಣ್ತದೆ ಅಂತ ನಂಗೂ ನೋಡ್ಬೇಕು.”

“ಬಾರಿಗೆ ಹೋಗ್ತೀಯಾ?”

“ನೀವು ಕುಡೀರಿ. ನಾ ಊರು ನೋಡ್ತೀನಿ.”

ಒಂದು ಷರತ್ತು ಹಾಕಿದೆ: ಬಿಲ್ಲು ನಾವೇ ಕೊಡಬೇಕು, ಪುಕ್ಕಟೆ ಒಂದು ಕಡಲೆಬೀಜವನ್ನೂ ಮುಟ್ಟಬಾರದು. ಬದುಕಿನಲ್ಲಿ ಮೊದಲ ಸಲ ನಾನಾಗಿಯೇ ಪೂರ್ತಿ ರೇಟು ಕೊಡುತ್ತೇನೆಂದು ಒಪ್ಪಿಕೊಂಡದ್ದು ಅದು.

ಸಂಜೆ ಐದೂಕಾಲಿಗೆ ಹೋದೆವು. ಲಿಫ್ಟಿತ್ತು. ವಾಸುವಿನ ಲಿಫ್ಟಿನಲ್ಲಿ ಹೋಗುವುದಿಲ್ಲವೆಂದು ನಾನು ಮೆಟ್ಟಿಲು ಹತ್ತಿದೆ. ಏದುಸಿರು ಬಿಡುತ್ತ ಮೇಲೆ ಮುಟ್ಟಿದಾಗ ಸುಮಿತ್ರ ಆಗಲೇ ಕುರ್ಚಿಯಲ್ಲಿ ಕೂತು ಕೆರೆಯ ಕಡೆ ಕೈತೋರಿಸುತ್ತಿದ್ದಳು, ಪಕ್ಕದಲ್ಲಿ ವಾಸು. ಜುಬ್ಬಾ, ಬೆಳ್ಳಿ ಗಡ್ಡ, ಹಣೆಯ ಮೇಲೆ ಅದೇ ಗಾಯದ ಗುರುತು.

“ಅಂತೂ ಬಂದ್ಯಾ ಮಾರಾಯ! ಅತ್ತಿಗೆ, ನೋಡಿ, ಮೆಟ್ಲು ಹತ್ಕಂಡು ಬಂದ! ಏರೋಪ್ಲೇನ್ ಬಂದ್ರೂ ರೇಟ್ ಕೇಳಿ ನಡ್ಕಂಡೇ ಹೋಗೋನು ಇವನು.”

ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಅದೇ ತಪ್ಪು. ಕೆರೆ ಒಂದು ತಟ್ಟೆಯ ಹಾಗೆ ಮಲಗಿತ್ತು. ಹಂಚಿನ ಮಾಡುಗಳೆಲ್ಲ ಒಂದರ ಹೆಗಲ ಮೇಲೊಂದು ಕೈಹಾಕಿ ನಿಂತಿದ್ದವು. ತಾಳಗುಪ್ಪದ ರೈಲು ಮರಗಳ ನಡುವೆ ಜಾರಿ ಹೋಯಿತು. ಮೂವತ್ತು ವರ್ಷದಿಂದ ಅದರ ಶಿಳ್ಳೆ ಕೇಳಿದ ನನಗೆ ಅದು ಇಷ್ಟು ಉದ್ದವಿದೆಯೆಂದು ಗೊತ್ತಿರಲಿಲ್ಲ. ಸುಮಿತ್ರ ಒಂದೊಂದನ್ನೇ ಗುರುತು ಹಿಡಿದು ಹೆಸರು ಹೇಳುತ್ತಿದ್ದಳು, ನೆಂಟರ ಮದುವೆಗೆ ಬಂದವಳ ಹಾಗೆ. ವಾಸು ಇದನ್ನು ದಿನಾ ನೋಡುತ್ತಾನೆ. ಮುಂದಕ್ಕೆ ಮುಖ ಮಾಡಿದ ಜಾಗ ಈಗಲೂ ಅವನದೇ.

ನಾನು ಮೆನು ಹಿಡಿದು ತಪ್ಪು ಹುಡುಕಲು ಶುರು ಮಾಡಿದೆ. ಮುರುಗಲು ಪಾನಕಕ್ಕೆ ಒಂದು ಇಂಗ್ಲಿಷ್ ಹೆಸರು, ಮೇಲೊಂದು ಪುದೀನ ಎಲೆ, ನೂರ ಎಂಬತ್ತು ರೂಪಾಯಿ. “ಎಲೆ ಬೇಡ ಅಂದ್ರೆ ಎಷ್ಟು?” ಎಂದು ಬಡಿಸುವಾತನನ್ನು ಕೇಳಿದೆ. ಸುಮಿತ್ರ ಮೇಜಿನಡಿ ಕಾಲು ತುಳಿದಳು.

ಅಷ್ಟರಲ್ಲಿ ನನಗೆ ನಿಧಿ ಸಿಕ್ಕಿತು. ಪಶ್ಚಿಮದ ಕಡೆಗೆ, ತಾರಸಿಯ ಆ ತುದಿಯಿಂದ ಈ ತುದಿಯವರೆಗೆ, ಆಳೆತ್ತರದ ಬಿದಿರಿನ ತಟ್ಟಿ! ಸೂರ್ಯ ಮುಳುಗುವುದು ಅದರ ಹಿಂದೆ. ಇಡೀ ತಾರಸಿಯಲ್ಲಿ ಅತಿ ಒಳ್ಳೇ ನೋಟವಿರುವ ಕಡೆಗೇ ಮುಚ್ಚಿಕೊಂಡು ಕೂತಿದ್ದಾನೆ! ನನ್ನ ಎರಡನೇ ಬಿಯರಿಗೆ ರುಚಿ ಬಂತು.

ಪಕ್ಕದ ಮೇಜಿನಲ್ಲಿ ಜೋಗ ನೋಡಿ ಶಿವಮೊಗ್ಗಕ್ಕೆ ಹೊರಟ ನಾಲ್ಕು ಜನ ಇದ್ದರು. ಅವರಲ್ಲೊಬ್ಬ ಕ್ಯಾಮೆರಾ ಮುಚ್ಚಿಡುತ್ತ, “ಸನ್‌ಸೆಟ್ ತೋರಿಸ್ತಾರೆ ಅಂತ ಬಂದ್ವಿ, ಚಾಪೆ ತೋರಿಸ್ತಿದಾರೆ” ಎಂದ. ಎಂಟು ತಿಂಗಳಲ್ಲಿ ನಾನು ಕೇಳಿದ ಅತಿ ಸಿಹಿಯಾದ ಮಾತು.

“ಅದೇ ನೋಡಿ ಸಾರ್! ತಲೆ ಇರೋರು ಪಶ್ಚಿಮಕ್ಕೆ ತಟ್ಟಿ ಕಟ್ತಾರಾ?” ಎಂದು ಅವರ ಮೇಜಿಗೂ ಕೇಳುವ ಹಾಗೆ ಅಂದು, ವಾಸುವಿನ ಕಡೆ ತಿರುಗಿದೆ. “ನೋಡಾ, ಪುಕ್ಕಟೆ ಸಲಹೆ. ನಾಳೆ ಬೆಳಗ್ಗೆ ಅದನ್ನ ಕಿತ್ತುಹಾಕು.”

“ಆ ಕಡೆ ಗಾಳಿ ಜಾಸ್ತಿ, ಇರ್ಲಿ ಬಿಡಾ” ಎಂದ ವಾಸು.

“ಗಾಳಿಗೆ ಯಾರಾದ್ರೂ ಸೂರ್ಯನ್ನ ಮುಚ್ತಾರಾ? ವ್ಯಾಪಾರ ಗೊತ್ತಿದ್ಯಾ ನಿಂಗೆ?”

“ಇಲ್ಲ ಮಾರಾಯ. ನೀನೇ ಕಲಿಸ್ಬೇಕು” ಎಂದು ನಕ್ಕು, ಯಾರೋ ಕರೆದರೆಂದು ಕೆಳಗಿಳಿದು ಹೋದ.

ಅವನು ಹೋದದ್ದೇ ನಾನೆದ್ದೆ. ಹೆಂಡತಿಗೆ ಸೂರ್ಯ ತೋರಿಸುವುದಕ್ಕೆ ಅವನಪ್ಪಣೆ ಯಾಕೆ? ತಟ್ಟಿಯ ಒಂದು ಕಡೆ ಹಗ್ಗದ ಗಂಟು ಇತ್ತು. ನನ್ನ ಜೀವಮಾನವೆಲ್ಲ ಕಟ್ಟು ಬಿಚ್ಚುವುದರಲ್ಲೇ ಕಳೆದಿದೆ. ಎರಡು ಎಳೆತಕ್ಕೆ ಬಿಚ್ಚಿತು. ತಟ್ಟಿ ಸರಿಸಿದೆ. ಕೆಂಪು ಬೆಳಕು ನುಗ್ಗಿ ತಾರಸಿಯ ಮೇಜುಗಳವರೆಗೂ ಹರಿಯಿತು. “ಆಹಾ” ಎಂದರು ಪಕ್ಕದ ಮೇಜಿನವರು. ನಾನು ಎದೆಯುಬ್ಬಿಸಿ ಕೆಳಗೆ ನೋಡಿದೆ.

ಕೆಳಗೆ ನನ್ನ ಹಿತ್ತಲಿತ್ತು.

ಹತ್ತಡಿ ಗೋಡೆ ಮೇಲಿಂದ ನೋಡಿದರೆ ಒಂದು ಗೆರೆ, ಅಷ್ಟೇ. ಅದರೊಳಗೆ ನನ್ನ ಬಾಗಿಲುಗಳೆಲ್ಲ ಸಾಲುಸಾಲಾಗಿ, ಒಂದಕ್ಕೊಂದು ಒರಗಿ, ಸಂಜೆಯ ಬಿಸಿಲಿಗೆ ಹೊಳೆಯುತ್ತ ಕೂತಿದ್ದವು, ಯಾರದೋ ಮದುವೆಯ ಊಟದ ಪಂಕ್ತಿಯ ಹಾಗೆ. ಸುಮಿತ್ರ ಪಕ್ಕಕ್ಕೆ ಬಂದು ನಿಂತು, ಸೂರ್ಯನನ್ನು ಬಿಟ್ಟು ಅದನ್ನೇ ನೋಡಿ, ಮೆಲ್ಲಗೆ ಕೇಳಿದಳು:

“ಒಂದೇ ಉಳಿದಿರೋದು ಅಂತೀರಲ್ಲ, ಅದು ಇದ್ರಲ್ಲಿ ಯಾವ್ದು?”

ಕ್ಯಾಮೆರಾದವನೂ ಅದನ್ನು ಮತ್ತೆ ಹೊರಗೆ ತೆಗೆದು ಎದ್ದು ಬಂದ. “ಅಬ್ಬಾ, ಎಷ್ಟು ಹಳೇ ಬಾಗಿಲು! ಇಂಥವು ಈಗ ಸಿಗೋದೇ ಇಲ್ಲ ಅಂತಾರೆ. ಯಾರ್ದು ಸಾರ್ ಇದು?” ಉಳಿದ ಮೂವರೂ ಕುರ್ಚಿ ಸರಿಸುವ ಸದ್ದು. ನಾಳೆ ಈ ಫೋಟೋ ಊರೂರು ಸುತ್ತುತ್ತದೆ. ನಾಡಿದ್ದು ನನ್ನ ಅಂಗಡಿಯಲ್ಲಿ ನಾನು ‘ಒಂದೇ’ ಎಂದರೆ ಗಿರಾಕಿ ಫೋನು ತೆಗೆದು ತೋರಿಸುತ್ತಾನೆ. ಸೈಕಲ್ಲಿನ ಹಿಂದೆ ಕಟ್ಟಿದ ಕಿಟಕಿಯಿಂದ ಇಲ್ಲಿಯವರೆಗೆ ಕಟ್ಟಿದ್ದೆಲ್ಲ ಒಂದು ಹಗ್ಗದ ಗಂಟಿಗೆ ಹೋಯಿತಲ್ಲ, ಅದನ್ನೂ ನಾನೇ ಬಿಚ್ಚಿದೆನಲ್ಲ!

ಆಗ ಹಿಂದಿನಿಂದ ಸಣ್ಣ ದನಿ ಕೇಳಿತು. “ತಲೆ!”

ನಲವತ್ತು ವರ್ಷದ ಹಿಂದಿನ ಅಭ್ಯಾಸ. ನಾನು ತಲೆ ತಗ್ಗಿಸಿದೆ. ವಾಸು ನನ್ನ ಭುಜದ ಮೇಲಿಂದ ಕೈಚಾಚಿ ತಟ್ಟಿಯನ್ನೆಳೆದು ಮುಚ್ಚಿದ. “ಅದೆಂತದೋ ಹಳೇ ಗೋಡೌನು ಸಾರ್, ಕೇಸಿನಲ್ಲಿದೆ. ಫೋಟೋ ತೆಗೆದ್ರೆ ತೊಂದ್ರೆ. ಬನ್ನಿ, ಕೆರೆ ಕಡೆ ಈಗ ಬಣ್ಣ ಬರ್ತದೆ” ಎಂದು ಅವರನ್ನು ನಯವಾಗಿ ಆ ಕಡೆ ಕೂರಿಸಿ, ನಾಲ್ವರಿಗೂ ತನ್ನ ಲೆಕ್ಕದಲ್ಲಿ ಏನೋ ತರಲು ಹೇಳಿ, ಬಂದು ನನ್ನೆದುರು ಕೂತ.

ನಾನು ಉಳಿದ ಬಿಯರು ಮುಗಿಸಿ ಲೋಟ ಕೆಳಗಿಟ್ಟೆ.

“ಯಾವಾಗ್ಲಿಂದ ಕಟ್ಟಿದೀಯಾ ಅದನ್ನ?” ಎಂದೆ.

“ಓಪನಿಂಗ್ ಹಿಂದಿನ ದಿನ. ಒಳ್ಳೇ ಮೇಜೆಲ್ಲ ಆ ಕಡೇನೇ ಹಾಕ್ಸಿದ್ದೆ. ಸಂಜೆ ಬಂದು ಕೂತು ನೋಡ್ತೀನಿ, ನಿನ್ನ ಬಾಗ್ಲನ್ನ ಇಲ್ಲಿಂದ ಎಣಿಸ್ಬಹುದು ಮಾರಾಯ. ಎಣಿಸ್ದೆ. ಅರವತ್ತೆರಡು.”

“ಅರವತ್ನಾಲ್ಕು. ಎರಡು ಸೂರಿನಡಿ ಇವೆ.”

ಸುಮಿತ್ರ ಪಾನಕ ಕುಡಿಯುತ್ತಿದ್ದವಳು ನಗು ತಡೆಯಲಾರದೆ ಮೂಗಿಗೆ ಹತ್ತಿಸಿಕೊಂಡಳು.

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀ ಒಪ್ತಿದ್ಯಾ? ಎಂಟು ತಿಂಗ್ಳಿಂದ ಮೇಲೆ ಬಾ ಅಂತ ಕರೀತಿದೀನಿ.”

ವಾಸುವಿನ ಬಟನ್ನಿಗೆ, ಸೈಟಿಗೆ, ಲಿಫ್ಟಿಗೆ ಹೊಟ್ಟೆಕಿಚ್ಚು ಪಟ್ಟವನು ನಾನು. ಅವೆಲ್ಲ ಹಣ ಕೊಟ್ಟರೆ ಯಾವತ್ತಾದರೂ ನನಗೂ ಸಿಕ್ಕಾವು. ಎಂಟು ತಿಂಗಳು ತನ್ನ ಸೂರ್ಯನನ್ನು ಮುಚ್ಚಿಟ್ಟು ಗಿರಾಕಿಗಳಿಂದ ಬೈಸಿಕೊಂಡು ಸುಮ್ಮನಿರುವ ಮನಸ್ಸಿದೆಯಲ್ಲ, ಅದು ಯಾವ ಹಳೇ ಮನೆ ಕೆಡವಿದರೂ ಸಿಗುವುದಿಲ್ಲ. ಆ ಸಂಜೆ ಲಿಫ್ಟಿನಲ್ಲಿ ಇಳಿದೆ. ಹೊಟ್ಟೆಕಿಚ್ಚು ಕಡಿಮೆಯಾಗಿರಲಿಲ್ಲ, ದುಪ್ಪಟ್ಟಾಗಿತ್ತು.

ಮಾರನೇ ದಿನವೇ ಹಿತ್ತಲಿಗೆ ಅಳತೆ ಹಿಡಿಸಿದೆ. ತಗಡು ಶೀಟಿನಂಗಡಿಯಲ್ಲಿ ಕೂತು, ಈ ಸಲ ಕಾಫಿ ಪೂರ್ತಿ ಕುಡಿದು, ರೇಟು ಮುರಿದೆ. ನೀಲಿ ಶೀಟು ಅಗ್ಗವಿತ್ತು, ಅದನ್ನೇ ತಂದೆ. ವಾರದಲ್ಲಿ ಇಡೀ ಹಿತ್ತಲಿಗೆ ಮಾಡು ಬಂತು. ವಾಸುವಿಗೆ ಫೋನು ಮಾಡಿದೆ.

“ತಟ್ಟಿ ತೆಗಿ.”

“ಯಾಕಾ?”

“ಬಾಗ್ಲು ಬಿಸಿಲಿಗೆ ಬಿರೀತಿದ್ವು. ಮಾಡು ಹಾಕ್ಸಿದೀನಿ. ನಿಂಗೋಸ್ಕರ ಅಲ್ಲ.”

“ಗೊತ್ತು ಮಾರಾಯ” ಎಂದ. ಅವನಿಗೆ ಎಲ್ಲ ಗೊತ್ತಿರುತ್ತದೆ, ಅದೂ ಒಂದು ಸಂಕಟ.

ಈಗ ದಿನಾ ಸಂಜೆ ಆರರ ಹೊತ್ತಿಗೆ ನನ್ನ ತಲೆಯ ಮೇಲಿಂದ “ಆಹಾ” ಎಂಬ ಸದ್ದು ಬರುತ್ತದೆ. ಪಶ್ಚಿಮದ ಮೇಜಿಗೆ ಮೊದಲೇ ಹೇಳಿಡಬೇಕಂತೆ. ಮೊನ್ನೆ ಸುಮಿತ್ರ ಯಾರದೋ ಫೋಟೋ ತೋರಿಸಿದಳು: ಮುಳುಗುವ ಸೂರ್ಯ, ಅದರ ಕೆಳಗೆ ಕೆಂಪು ಬೆಳಕಲ್ಲಿ ಮಿನುಗುವ ನನ್ನ ನೀಲಿ ಶೀಟು. ಕೆಳಗೆ ಯಾರೋ ‘ಇದು ಶರಾವತಿ ಹಿನ್ನೀರಾ?’ ಎಂದು ಕೇಳಿದ್ದಾರೆ. ಬಾರಿನವರು ಒಂದು ಹೃದಯದ ಚಿತ್ರ ಹಾಕಿದ್ದಾರೆ. ಹೌದು ಎಂದಿಲ್ಲ, ಅಲ್ಲ ಎಂದೂ ಇಲ್ಲ. ನನ್ನ ಖರ್ಚಿನಲ್ಲಿ ಅವನಿಗೊಂದು ಹಿನ್ನೀರು! ಆದರೂ ಆ ಉತ್ತರ ಕೊಡುವ ವಿದ್ಯೆಯನ್ನು ಅವನು ನನ್ನಿಂದಲೇ ಕಲಿತಿರಬೇಕು ಎಂದು ಸ್ವಲ್ಪ ಸಮಾಧಾನ.

ನೀವು ಸಾಗರಕ್ಕೆ ಬಂದರೆ ಅಲ್ಲಿಗೆ ಹೋಗಿ, ಹೋಗಬೇಡಿ ಎನ್ನಲಾರೆ. ಐದೂವರೆಗಿಂತ ಮೊದಲೇ ಹೋಗಿ ಪಶ್ಚಿಮದ ಮೇಜು ಹಿಡಿಯಿರಿ. ಹತ್ತುವಾಗ ಲಿಫ್ಟಿನಲ್ಲೇ ಹೋಗಿ, ಮೆಟ್ಟಿಲು ಹತ್ತಿದರೆ ಬಿಲ್ಲಿನಲ್ಲಿ ಯಾರೂ ಕಡಿಮೆ ಮಾಡುವುದಿಲ್ಲ. ಪುದೀನ ಎಲೆ ಬೇಡವೆಂದರೂ ನೂರ ಎಂಬತ್ತೇ, ಆದ್ದರಿಂದ ಎಲೆಯನ್ನೂ ತಿಂದುಬಿಡಿ. ಯಾರ ಮನೆಗೆ ಸೈಟು ಕೇಳಲು ಹೋದರೂ ಕಾಫಿ ಬರುವ ಮೊದಲು ಏಳಬೇಡಿ. ಎದ್ದರೂ, ವಾಪಸ್ ಹೋಗಲು ನಾಚಬೇಡಿ. ಗೇಟಿನಿಂದ ಜಗುಲಿಗೆ ಇಪ್ಪತ್ತು ಹೆಜ್ಜೆ, ಆ ಇಪ್ಪತ್ತು ಹೆಜ್ಜೆ ಉಳಿಸಿ ನಾನು ಕಳೆದುಕೊಂಡದ್ದನ್ನು ದಿನಾ ಸಂಜೆ ಕತ್ತೆತ್ತಿ ನೋಡುತ್ತಿದ್ದೇನೆ. ಗೋಡೆ ಎಷ್ಟೇ ಎತ್ತರ ಕಟ್ಟಿ, ಒಂದು ಸಲ ಪಕ್ಕದವನ ತಾರಸಿ ಹತ್ತಿ ನಿಮ್ಮ ಹಿತ್ತಲನ್ನು ನೋಡಿಕೊಳ್ಳಿ. ಗೆಳೆಯ ಕರೆದಾಗ ಹೋಗಿ, ಎಂಟು ತಿಂಗಳು ಕಾಯಿಸಬೇಡಿ.

ಇಳಿದು ಬರುವಾಗ ಹಾಗೇ ಪಕ್ಕದ ನನ್ನ ಅಂಗಡಿಗೂ ಬನ್ನಿ. ಒಂದು ಚೆಂದದ ಹಳೇ ಬಾಗಿಲಿದೆ, ಬೇಗ ಬಂದರೆ ಒಳ್ಳೆಯದು. ಒಂದೇ ಉಳಿದಿರೋದು.